ಕಣ್ಣಿನ ಲಾಗ್ ಬುಕ್ಕು

ಗೇಜಣ್ಣನ ಬಾಯ್ಲರು ಏಳಕ್ಕೆ ನಿಂತಿತೆಂದರೆ ನಿಂತಿತು. ಲಾಂಡ್ರಿಯ ಹಿಂಭಾಗದ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಕಬ್ಬಿಣದ ಹೊಟ್ಟೆ, ಅದರ ನೆತ್ತಿಯಲ್ಲಿ ಊಟದ ತಟ್ಟೆಯಷ್ಟಗಲದ ಒತ್ತಡದ ಗೇಜು, ಗೇಜಿನ ಮುಳ್ಳು ಏಳು ಕಿಲೋ ಎಂಬಲ್ಲಿ. ಅಲ್ಲಿಂದ ಹೋದ ಹಬೆಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬೆಂದು, ಒಣಗಿ, ಇಸ್ತ್ರಿಯಾಗಿ ವಾಪಸು ಹೋಗುತ್ತಿತ್ತು. ಅವನ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಗೇಜಣ್ಣ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ ಎಂದು ಲಾಂಡ್ರಿಯ ಮಾಲೀಕರು ಬಂದವರೆದುರು ಹೊಗಳುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಳ್ಳುವ ಈ ಮಹರಾಯ ಔಷಧಿ ಮಾತ್ರ ಬಿಟ್ಟುಕೊಳ್ಳಲಿಲ್ಲ, ಎಲ್ಲ ಗೋಜಲಿಗೂ ಅದೇ ಮೂಲ.

ಹೋದ ವರ್ಷ ಓದುವ ಕನ್ನಡಕ ಮಾಡಿಸಲು ಹೋದವನನ್ನು ಕನ್ನಡಕದಂಗಡಿಯವನು ಕಣ್ಣಿನ ಆಸ್ಪತ್ರೆಗೆ ಅಟ್ಟಿದ. ಅಲ್ಲಿನ ಡಾಕ್ಟರಮ್ಮ ಸಣ್ಣ ದನಿಯ, ತಣ್ಣನೆ ಬೆರಳಿನ ಹೆಂಗಸು. ನೀಲಿ ದೀಪದಲ್ಲಿ ನೋಡಿ, ಬಲಗಣ್ಣಿನ ಒತ್ತಡ ಮೂವತ್ತೊಂದಿದೆ, ಇಪ್ಪತ್ತೊಂದರ ಒಳಗಿರಬೇಕಿತ್ತು ಅಂದಳು. ಮೂವತ್ತೊಂದಕ್ಕೆ ಗೇಜಣ್ಣನ ಶೆಡ್ಡಿನ ಚಾವಣಿ ಹಾರಿ ಮುಂದಿನ ಬೀದಿಯಲ್ಲಿ ಬಿದ್ದಿರಬೇಕು. ಮೂವತ್ತೊಂದು ಏನು ಎಂದು ಕೇಳಿದ. ಪಾದರಸದ ಮಿಲಿಮೀಟರು ಅಂದಳು. ಮನೆಗೆ ಬಂದು ಹಳೇ ಲಕೋಟೆಯ ಹಿಂದೆ ಲೆಕ್ಕ ಹಾಕಿದ. ಒಂದು ಕಿಲೋ ಅಂದರೆ ಪಾದರಸದಲ್ಲಿ ಏಳುನೂರ ಮೂವತ್ತೈದು. ಹಾಗಾದರೆ ಮೂವತ್ತೊಂದು ಅಂದರೆ ಕಿಲೋದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಇಷ್ಟು ಒತ್ತಡಕ್ಕೆ ಯಾವ ಬಾಯ್ಲರೂ ಕೆಮ್ಮುವುದು ಕೂಡ ಇಲ್ಲ ಎಂದು ನಕ್ಕು ಲಕೋಟೆ ಹರಿದ.

ಡಾಕ್ಟರಮ್ಮ ನಗುವಂಥದ್ದೇನೂ ಹೇಳಿರಲಿಲ್ಲ. ಬೋಗುಣಿಯಂಥ ಯಂತ್ರದೊಳಗೆ ತಲೆಯಿಡಿಸಿ, ದೀಪ ಕಂಡಾಗ ಗುಂಡಿ ಒತ್ತಿಸಿ, ಕೊನೆಗೆ ಒಂದು ಹಾಳೆ ತೋರಿಸಿದ್ದಳು. ಬಲಗಣ್ಣಿನ ನಕ್ಷೆಯಲ್ಲಿ ಮೂಗಿನ ಕಡೆ ಮೇಲ್ಗಡೆ ಕಪ್ಪು ಮೆತ್ತಿತ್ತು. ಇದು ಗ್ಲಾಕೋಮಾ, ಅಂಚಿನಿಂದ ತಿನ್ನುತ್ತಾ ನಡುವಿಗೆ ಬರುತ್ತದೆ, ನೋವಿಲ್ಲ, ಸದ್ದಿಲ್ಲ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದು ವಿವರಿಸಿದ್ದಳು. ಎಡಗಣ್ಣು ಸದ್ಯಕ್ಕೆ ಪರವಾಗಿಲ್ಲವಂತೆ. ನನಗೆ ಗೇಜಿನ ಮುಳ್ಳು ಚೆನ್ನಾಗಿ ಕಾಣುತ್ತದಲ್ಲ ಎಂದು ಗೇಜಣ್ಣ ವಾದಿಸಿದ. ಮುಳ್ಳು ಕೊನೆಯವರೆಗೂ ಕಾಣುತ್ತದೆ, ಗೋಡೆಯೇ ಮೊದಲು ಹೋಗುವುದು ಎಂದು ಅವಳು ಅಂದಾಗ ಅವನಿಗೆ ಅರ್ಥವಾದದ್ದಕ್ಕಿಂತ ಆಗದ್ದೇ ಹೆಚ್ಚು.

ಅವಳು ಎರಡು ಬಾಟಲಿ ಬರೆದುಕೊಟ್ಟಳು. ನೀಲಿ ಮುಚ್ಚಳದ್ದು ಬೆಳಗ್ಗೆ ಸಂಜೆ ಒಂದೊಂದು ಹನಿ, ಬಿಳಿ ಮುಚ್ಚಳದ್ದು ಮಲಗುವಾಗ ಒಂದು. ಜೊತೆಗೆ ಒಂದು ಚಾರ್ಟು: ದಿನಕ್ಕೆ ಮೂರು ಚೌಕ, ಹನಿ ಹಾಕಿದಾಗೊಮ್ಮೆ ರೈಟ್ ಹಾಕಬೇಕು.

ಮೊದಲ ವಾರ ಹಾಕಿದ. ನೀಲಿ ಬಾಟಲಿಯದು ಉರಿಯುತ್ತಿತ್ತು, ಬಾಯಲ್ಲಿ ಕಹಿ ಬರುತ್ತಿತ್ತು, ಕಣ್ಣು ಕೆಂಪಾಗಿ ಇಸ್ತ್ರಿ ಹೆಂಗಸರು ಬೆಳಗ್ಗೆ ಬೆಳಗ್ಗೆ ಏನು ಕುಡಿದಿರಿ ಎಂದು ಕಾಡುತ್ತಿದ್ದರು. ಎರಡನೇ ವಾರ ಬೆಳಗಿನ ಹನಿ ಬಿಟ್ಟ. ಮೂರನೇ ವಾರ ಎಲ್ಲವನ್ನೂ ಬಿಟ್ಟ. ಇದಕ್ಕೆಲ್ಲ ಅವನ ಹತ್ತಿರ ಗಟ್ಟಿಯಾದ ಕಾರಣವಿತ್ತು, ಅದು ಅವನ ಮನೆಯಲ್ಲೇ ಕೂತಿತ್ತು. ಅವನ ಅಕ್ಕನಿಗೆ ಇದೇ ರೋಗ ಬಂದು ಹನ್ನೊಂದು ವರ್ಷದ ಹಿಂದೆ ಎರಡೂ ಕಣ್ಣು ಹೋಗಿದ್ದವು. ಅವಳು ಆರು ವರ್ಷ ಒಂದು ದಿನವೂ ತಪ್ಪಿಸದೆ ಹನಿ ಹಾಕಿಕೊಂಡಿದ್ದಳು, ಆದರೂ ಹೋದವು ಎನ್ನುವುದು ಮನೆಯಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ನಮ್ಮ ಮನೆತನದ ಕಣ್ಣಿಗೆ ಹನಿ ಹಾಕುವುದೂ ಒಂದೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೂ ಒಂದೇ ಎಂದು ಗೇಜಣ್ಣ ತೀರ್ಮಾನಿಸಿಬಿಟ್ಟ.

ಆದರೆ ಚಾರ್ಟು ತುಂಬಬೇಕಲ್ಲ. ತುಂಬುವುದು ಅವನಿಗೆ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಬಾಯ್ಲರಿಗೂ ಒಂದು ಲಾಗ್ ಬುಕ್ಕಿದೆ, ಗಂಟೆಗೊಮ್ಮೆ ಒತ್ತಡ ನೋಡಿ ಬರೆಯಬೇಕು ಎಂದು ಅದರ ಮೊದಲ ಪುಟದಲ್ಲೇ ಅಚ್ಚಾಗಿದೆ. ಬಾಯ್ಲರು ಕಾಯುವವರು ಯಾರೂ ಹಾಗೆ ಬರೆಯುವುದಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಟೀ ಲೋಟ ಪಕ್ಕಕ್ಕಿಟ್ಟುಕೊಂಡು ಏಳು, ಏಳು, ಏಳು ಎಂದು ಎಂಟು ಏಳು ಒಟ್ಟಿಗೆ ಬರೆದು ಸಹಿ ಹಾಕುತ್ತಾರೆ. ಅದು ಸುಳ್ಳು ಎಂದು ಅವರಿಗೆ ಅನಿಸುವುದೂ ಇಲ್ಲ. ನೋಡುವುದು ಕೆಲಸ, ಬರೆಯುವುದು ಶಾಸ್ತ್ರ. ಗೇಜಣ್ಣ ಚಾರ್ಟನ್ನೂ ಹಾಗೆಯೇ ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮೂರು ತಿಂಗಳ ರೈಟುಗಳನ್ನು ಕಾಲುಗಂಟೆಯಲ್ಲಿ ಮುಗಿಸಿದ. ನಿಜವಾಗಿ ಕಾಣಲೆಂದು ನಡುವೆ ಪೆನ್ನು ಕೂಡ ಬದಲಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಇಷ್ಟು ಮುತುವರ್ಜಿ ವಹಿಸುವುದಿಲ್ಲ.

ಡಾಕ್ಟರಮ್ಮ ಚಾರ್ಟನ್ನು ಮೇಲಿಂದ ಕೆಳಗೆ ಓದಿದಳು. ಒತ್ತಡ ಮೂವತ್ತೆರಡಾಗಿತ್ತು.

“ಇಷ್ಟು ಶಿಸ್ತಾಗಿ ಹಾಕ್ಕೊಂಡಿದ್ದೀರಿ. ಆದ್ರೂ ಇಳೀಲಿಲ್ಲ ಅಂದ್ರೆ ಈ ಔಷಧಿ ನಿಮಗೆ ನಾಟ್ತಿಲ್ಲ,” ಅಂದಳು.

ಬಾಯಿ ಬಿಡಲು ಅದೇ ಸಮಯವಾಗಿತ್ತು. ಗೇಜಣ್ಣ ಬಿಡಲಿಲ್ಲ. ಅವಳು ಶಿಸ್ತು ಅಂದದ್ದು ಅವನಿಗೆ ಒಂದು ಕಡೆ ಹಿತವಾಗಿಯೂ ಇತ್ತು, ಅದೇ ನಾಚಿಕೆಯ ವಿಷಯ. ಆಮೇಲೆ ಬಿಳಿ ಮುಚ್ಚಳದ ಬಾಟಲಿ ಬದಲಿಸಿದಳು, ಅವನು ಮತ್ತೆ ಕೂತು ರೈಟ್ ಹಾಕಿದ, ಒತ್ತಡ ಮತ್ತೆ ಮೂವತ್ತೊಂದು, ನಕ್ಷೆಯ ಕಪ್ಪು ಒಂದು ಬೆರಳು ಕೆಳಗಿಳಿದಿತ್ತು. ಆಗ ಅವಳು ಶಬ್ದದ ಚಿಕಿತ್ಸೆಯ ಮಾತೆತ್ತಿದಳು.

ಕಣ್ಣಿನೊಳಗೆ ಸದಾ ನೀರು ತಯಾರಾಗುತ್ತಿರುತ್ತದೆ, ಅಂಚಿನ ಜರಡಿಯಲ್ಲಿ ಇಳಿದು ಹೋಗುತ್ತಿರುತ್ತದೆ. ನಿಮ್ಮ ಜರಡಿ ಕಟ್ಟಿಕೊಂಡಿದೆ. ಕಿವಿಗೆ ಕೇಳದಷ್ಟು ಕೀಚಲಾದ ಅಲ್ಟ್ರಾಸೌಂಡು ಶಬ್ದವನ್ನು, ಭೂತಗನ್ನಡಿಯಲ್ಲಿ ಬಿಸಿಲನ್ನು ಒಂದು ಚುಕ್ಕೆಗೆ ಸೇರಿಸುವ ಹಾಗೆ ಸೇರಿಸಿ, ನೀರು ತಯಾರಿಸುವ ಭಾಗವನ್ನು ಅಲ್ಲಲ್ಲಿ ಬಿಸಿ ಮಾಡಿ ಸುಡುತ್ತೇವೆ. ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಕೆಲವರಿಗೆ ಚೆನ್ನಾಗಿ ಇಳಿಯುತ್ತದೆ, ಕೆಲವರಿಗೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಅವಳು ಇಷ್ಟು ಹೇಳಿದಾಗ ಗೇಜಣ್ಣನಿಗೆ ಅದರಲ್ಲೊಂದು ಭಾಗ, ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಯಿತು: ಹೊರಗೆ ಹೋಗುವ ಪೈಪು ಕಟ್ಟಿದೆ, ಆದ್ದರಿಂದ ನೀರು ತುಂಬುವ ಪಂಪನ್ನು ತಗ್ಗಿಸುತ್ತಾರೆ. ಶಬ್ದಕ್ಕೆ ಬಿಸಿ ಎಲ್ಲಿಂದ ಬಂತು ಎನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ. ಜೀವಮಾನವೆಲ್ಲ ಶಬ್ದದಲ್ಲೇ ಬದುಕಿದವನು ಅವನು, ಇದುವರೆಗೆ ಯಾವ ಶಬ್ದವೂ ಟೀ ಬಿಸಿ ಮಾಡಿಕೊಟ್ಟಿರಲಿಲ್ಲ.

ಅವನ ಹೆಂಡತಿ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವಳು. ವಿಷಯ ಕೇಳಿ, ಅಲ್ಟ್ರಾಸೌಂಡು ಬಸುರಿಯರಿಗೆ ಮಾಡುವುದಲ್ಲವೇ, ಕಣ್ಣಿನಲ್ಲಿ ಅವಳಿಜವಳಿ ಇದ್ದರೆ ಮೊದಲೇ ಹೇಳಿ, ಕುಲಾವಿ ಹೊಲಿಯಬೇಕು ಅಂದಳು. ನಕ್ಕ ಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಅವಳಿಗೂ ಹೆದರಿಕೆಯಾಗಿತ್ತು.

ಚಿಕಿತ್ಸೆಯ ದಿನ ಕಣ್ಣಿನ ಪಕ್ಕ ಒಂದು ಸೂಜಿ ಚುಚ್ಚಿದರು, ಅದೇ ಹೆಚ್ಚು ನೋವು. ಆಮೇಲೆ ಕಣ್ಣಗುಡ್ಡೆಯ ಮೇಲೆ ಚಿಕ್ಕದೊಂದು ಪ್ಲಾಸ್ಟಿಕ್ ಬಟ್ಟಲು ಕೂರಿಸಿ, ಅದರೊಳಗೆ ಉಂಗುರದಂಥದ್ದನ್ನು ಇಳಿಸಿ, ಉಪ್ಪುನೀರು ತುಂಬಿದರು. ಯಂತ್ರ ಟುಯ್ ಅಂದಿತು. ಗೇಜಣ್ಣ ಅಭ್ಯಾಸಬಲದಿಂದ ಎಣಿಸಿದ: ಎಂಟು ಸೆಕೆಂಡು ನಡೆಯಿತು, ಇಪ್ಪತ್ತು ಸೆಕೆಂಡು ಸುಮ್ಮನಿತ್ತು, ಮತ್ತೆ ಎಂಟು. ಹೀಗೆ ಆರು ಸಲ. ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಮುಗಿಯಿತು ಅಂದರು. ಯಾವ ವಾಲ್ವೂ ತಿರುಗಲಿಲ್ಲ, ಏನೂ ಬುಸ್ಸೆನ್ನಲಿಲ್ಲ, ಒತ್ತಡ ಇಳಿಸುವುದು ಅಂದರೆ ಇದೇನಾ ಎಂದು ಅವನಿಗೆ ಮೋಸಹೋದಂತೆ ಆಯಿತು.

ಆ ಕಣ್ಣು ಕೆಲವು ದಿನ ಕೆಂಪಾಗಿ ಮಂಜಾಗಿತ್ತು. ಹೊಸದಾಗಿ ಉರಿಯೂತದ ಹನಿ ಕೊಟ್ಟು, ಹಳೆಯ ಎರಡು ಬಾಟಲಿಯನ್ನೂ ಮುಂದುವರಿಸಿ ಎಂದು ಬರೆದಿದ್ದರು. ಈ ಸಲ ಬಾಟಲಿಗಳು ಹೆಂಡತಿಯ ಕೈಗೆ ಹೋದವು. ತಟ್ಟೆಯ ಬನ್ನು ಒಂದು ನಿಮಿಷ ಹೆಚ್ಚು ಬೇಯಲು ಬಿಡದ ಹೆಂಗಸು ಅವಳು. ಹೊತ್ತಿಗೆ ಸರಿಯಾಗಿ ಗದ್ದ ಎತ್ತಿ ಹನಿ ಬಿಟ್ಟು, ತಾನೇ ರೈಟ್ ಹಾಕುತ್ತಿದ್ದಳು. ಆ ಮೊದಲ ವಾರ ಬಿಟ್ಟರೆ, ಮನೆಗೆ ಔಷಧಿ ಬಂದು ವರ್ಷದ ಮೇಲೆ ಮೊದಲ ಬಾರಿಗೆ ಅದು ಪ್ರತಿದಿನ ಕಣ್ಣಿನೊಳಗೆ ಬೀಳತೊಡಗಿತ್ತು. ಒಂದು ವಾರಕ್ಕೆ ಒತ್ತಡ ಇಪ್ಪತ್ತನಾಲ್ಕು. ತಿಂಗಳಿಗೆ ಹದಿನಾರು.

ಡಾಕ್ಟರಮ್ಮನಿಗೆ ಖುಷಿಯೋ ಖುಷಿ. ಹದಿನಾರು ಎಂದು ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಳು. ಶಬ್ದದ ಚಿಕಿತ್ಸೆ ನಿಮಗೆ ಚೆನ್ನಾಗಿ ಹಿಡಿದಿದೆ, ಹನಿ ಮೊದಲಿಂದಲೂ ನಿಮಗೆ ನಾಟಿದ್ದಲ್ಲ, ಸುಮ್ಮನೆ ಉರಿ ಯಾಕೆ, ನೀಲಿ ಮುಚ್ಚಳದ್ದು ಇವತ್ತಿಂದ ಬಿಡಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದಳು.

ಗೇಜಣ್ಣ ಆಸ್ಪತ್ರೆಯ ಮೆಟ್ಟಿಲಿಳಿದವನು ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟ. ಒತ್ತಡ ಇಳಿದದ್ದು ಯಾವುದರಿಂದ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಇಲ್ಲಿ ಒಂದೇ ಕೊಂಬೆಯ ಮೇಲೆ ಎರಡು ಕಾಗೆ ಒಂದೇ ದಿನ ಕೂತಿದ್ದವು. ಶಬ್ದದಿಂದಲೇ ಇಳಿದಿದ್ದರೆ ಸರಿ. ಹನಿಯಿಂದ ಇಳಿದಿದ್ದರೆ? ಆಗ ನಿಲ್ಲಿಸಬಾರದ್ದನ್ನೇ ನಿಲ್ಲಿಸಿದ ಹಾಗಾಗುತ್ತದೆ, ಮೂರು ತಿಂಗಳು ಸದ್ದಿಲ್ಲದೆ ಏರುತ್ತದೆ, ಕಪ್ಪು ನಡುವಿಗೆ ಬರುತ್ತದೆ. ಎರಡರಿಂದಲೂ ಅರ್ಧರ್ಧ ಇಳಿದಿದ್ದರೆ? ಹನಿ ಸರಿಯಾಗಿ ಹಾಕಿದ್ದರೆ ಈ ಸುಡುವುದೇ ಬೇಕಿರಲಿಲ್ಲವೋ ಏನೋ. ಬಾಯ್ಲರಿನಲ್ಲಾದರೆ ಒಂದು ಸಲಕ್ಕೆ ಒಂದೇ ವಾಲ್ವು ತಿರುಗಿಸು ಎಂದು ಹೊಸಬರಿಗೆ ಅವನೇ ಪಾಠ ಹೇಳುತ್ತಿದ್ದ. ಊರಿಗೆಲ್ಲ ಬುದ್ಧಿ ಹೇಳಿ ತಾನು ಬದನೆಕಾಯಿ ತಿಂದವನ ಗತಿ ಇದು ಎಂದು ತನ್ನನ್ನೇ ಬೈದುಕೊಂಡ.

ಮನೆಯಲ್ಲಿ ಇನ್ನೊಂದು ಕಾದಿತ್ತು. ಮಗಳು ಸಿಟಿ ಬಸ್ಸಿನ ಡ್ರೈವರು. ರಕ್ತಸಂಬಂಧಿಗಳೆಲ್ಲ ತೋರಿಸಬೇಕು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಅವಳೂ ಹೋಗಿ ಬಂದಿದ್ದಳು. ಅವಳ ಕಣ್ಣಿನ ಒತ್ತಡ ಇಪ್ಪತ್ತಾರು ಇತ್ತು, ನಕ್ಷೆಯಲ್ಲಿ ಅಂಚಿಗೊಂದು ಕಪ್ಪು ಚುಕ್ಕೆ. ಅವಳಿಗೆ ಬರೆದುಕೊಟ್ಟ ಬಾಟಲಿ ಸೀಲು ಒಡೆಯದೆ ಫ್ರಿಜ್ಜಿನ ತಲೆಯ ಮೇಲೆ ಕೂತಿತ್ತು. ಹದಿನಾರು ಎಂದು ಕೇಳಿದ್ದೇ ಅವಳು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಾ ಹೇಳಿದಳು:

“ನೋಡಿದ್ಯಾ ಅಪ್ಪ, ಹನಿ ನಮಗಾಗಲ್ಲ. ಅತ್ತೆ ಆರು ವರ್ಷ, ನೀನು ಒಂದು ವರ್ಷ. ನಾನೂ ಮುಂದೆ ಆ ಶಬ್ದಾನೇ ಹೊಡೆಸ್ಕೋತೀನಿ, ಆಗಬೇಕಾದಾಗ.”

ಬಸ್ಸು ಓಡಿಸುವವಳಿಗೆ ಅಂಚು ಬೇಕು. ಎಡಗಡೆಯಿಂದ ನುಗ್ಗುವ ಸೈಕಲ್ಲು ನಡುವಿನಲ್ಲಿ ಕಾಣುವುದಿಲ್ಲ. ಗೇಜಣ್ಣನಿಗೆ ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂತು, ಅವಳು ಅಷ್ಟರಲ್ಲಿ ಬಾಗಿಲು ದಾಟಿದ್ದಳು.

ಅಕ್ಕ ಕಿಟಕಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು. ಅವಳ ಬೆರಳು ಕಣ್ಣಿದ್ದವರ ಬೆರಳಿಗಿಂತ ಚುರುಕು. ಗೇಜಣ್ಣ ಅವಳೆದುರು ಕೂತು ಒಂದು ಹಿಡಿ ಬಟಾಣಿ ತೆಗೆದುಕೊಂಡ. ಹೆಂಡತಿಗೆ ಹೇಳಿದರೆ ರಂಪ, ಮಗಳಿಗೆ ಹೇಳಿದರೆ ಮಾನ ಹೋಗುತ್ತದೆ; ಅಕ್ಕನಿಗಾದರೆ ಮುಖ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ರೈಟುಗಳು, ಬದಲಿಸಿದ ಪೆನ್ನು, ಹದಿನಾರು, ನೀಲಿ ಮುಚ್ಚಳ. ಕೊನೆಗೆ, ನೀನು ಅಷ್ಟು ನಿಷ್ಠೆಯಿಂದ ಹಾಕಿಕೊಂಡರೂ ಉಳಿಯಲಿಲ್ಲ ಎಂದೇ ನಾನು ಬಿಟ್ಟೆ, ಈಗ ಯಾವುದನ್ನು ನಂಬಲಿ ಎಂದು ಕೇಳಿದ.

ಅಕ್ಕನ ಬೆರಳು ನಿಂತಿತು.

“ನಾನು ಹಾಕ್ಕೊಂಡಿದ್ರೆ ತಾನೇ,” ಅಂದಳು.

ಗೇಜಣ್ಣನಿಗೆ ಅರ್ಥವಾಗಲಿಲ್ಲ.

“ಉರೀತಿತ್ತು ಕಣೋ. ಚೆನ್ನಾಗೇ ಕಾಣ್ತಿತ್ತು, ಸುಮ್ನೆ ಯಾಕೆ ಅಂತ. ಅಮ್ಮ ಬಾಟ್ಲಿ ಎತ್ತಿ ನೋಡೋಳು, ಕಮ್ಮಿ ಆಗಿದ್ಯೋ ಇಲ್ವೋ ಅಂತ. ಅದಕ್ಕೆ ದಿನಾ ಈ ಕಿಟಕಿ ಕುಂಡಕ್ಕೆ ಹಿಂಡ್ತಿದ್ದೆ. ಕಣ್ಣು ಹೋದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ಪಾಪ, ಔಷಧಿ ನಾಟ್ಲಿಲ್ಲ ಅಂತ ಎಲ್ರೂ ಮರುಗ್ತಿದ್ರು. ನನ್ನ ಮೇಲೆ ಯಾರೂ ಕೋಪ ಮಾಡ್ಕೊಳ್ಲಿಲ್ಲ. ಅದು ಹಾಯಾಗಿತ್ತು.”

ಗೇಜಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಹದಿನೇಳು ವರ್ಷ ಈ ಮನೆ ನಂಬಿದ್ದು ಒಂದು ಹೂಕುಂಡಕ್ಕೆ ಹಿಂಡಿದ ಔಷಧಿಯನ್ನು. ಅದನ್ನು ನಂಬಿ ಅವನು ಕಣ್ಣಿನ ಒಂದು ಮೂಲೆ ಕಳೆದುಕೊಂಡ. ಆಮೇಲೆ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವನ ಹತ್ತಿರವೇ ವಾಪಸು ಬಂತು. ಅಕ್ಕ ಚಾರ್ಟು ಬರೆದಿರಲಿಲ್ಲ, ಅವನು ಬರೆದಿದ್ದ, ಅಷ್ಟೇ ವ್ಯತ್ಯಾಸ. ಅವನ ಚಾರ್ಟನ್ನು ನಂಬಿ ಈಗ ಮಗಳು ಬಸ್ಸು ಹತ್ತಿ ಹೋಗಿದ್ದಳು. ಅಕ್ಕನ ಕೈಮೇಲೆ ಕೈಯಿಟ್ಟು, ಎದ್ದು ಹೋದ.

ಮರುದಿನ ಪಾಳಿಯಲ್ಲಿ, ಏನು ತೋರಿತೋ, ಲಾಗ್ ಬುಕ್ಕನ್ನು ಗಂಟೆಗೊಮ್ಮೆ ನೋಡಿ ಬರೆದ. ಎಂಟಕ್ಕೆ ಆರೂ ಮುಕ್ಕಾಲು. ಒಂಬತ್ತಕ್ಕೆ ಏಳು ಕಾಲು. ಹತ್ತಕ್ಕೆ ಆರೂವರೆ. ಇಪ್ಪತ್ತೆರಡು ವರ್ಷ ಅವನ ಬಾಯ್ಲರು ಏಳಕ್ಕೆ ನಿಂತಿದ್ದು ಪುಸ್ತಕದಲ್ಲಿ ಮಾತ್ರ ಎಂದು ಗೊತ್ತಾದಾಗ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ, ಅವನು ಕಣ್ಣಾರೆ ಕಂಡದ್ದೇ ಅನುಮಾನವಾಗಿತ್ತು. ಮಧ್ಯಾಹ್ನ ಅರ್ಧ ದಿನ ರಜೆ ಹೇಳಿ, ಚಾರ್ಟುಗಳನ್ನೆಲ್ಲ ಮಡಿಸಿಕೊಂಡು ಆಸ್ಪತ್ರೆಗೆ ಹೋದ.

ಮೂರು ತಿಂಗಳು ಬಿಟ್ಟು ಬನ್ನಿ ಅನ್ನಿಸಿಕೊಂಡವನು ಮರುದಿನವೇ ಬಂದದ್ದು ಕಂಡು ಡಾಕ್ಟರಮ್ಮ ನೋವಿದೆಯೇ ಎಂದು ಕೇಳಿದಳು. ಅವನು ಚಾರ್ಟುಗಳನ್ನು ಮೇಜಿನ ಮೇಲೆ ಹರಡಿದ.

“ಇವು ನಾನು ಕೂತಲ್ಲೇ ಬರೆದದ್ದು ಡಾಕ್ಟ್ರೇ. ಒಂದು ವಾರ ಬಿಟ್ರೆ ಹನಿ ಹಾಕೇ ಇಲ್ಲ. ಶಬ್ದ ಮಾಡಿಸಿದ ಮೇಲೆ ಹಾಕ್ತಿರೋದು, ಅದೂ ನನ್ನ ಹೆಂಡತಿ ಹಾಕ್ತಿರೋದು.”

ಬೈಯುತ್ತಾಳೆ ಎಂದು ಗೇಜಣ್ಣ ಭುಜ ಕುಗ್ಗಿಸಿ ಕಾದ. ಅವಳು ಬೈಯದೆ ತನ್ನ ಪುಸ್ತಕ ತೆರೆದು, ಹದಿನಾರರ ಕೆಳಗಿನ ಗೆರೆಯನ್ನೇ ನೋಡುತ್ತಾ ಕೂತಳು. ಹಾಗಾದರೆ ಆ ಚಿಕಿತ್ಸೆ ಬೇಕಿತ್ತೇ, ಬೇಡವಿತ್ತೇ ಎಂದು ಅವನೇ ಕೇಳಿದ.

“ಗೊತ್ತಿಲ್ಲ. ನನಗೂ ಇನ್ನು ಗೊತ್ತಾಗಲ್ಲ,” ಅಂದಳು. “ಹನಿ ಹಾಕಿದ್ರೆ ಸಾಕಾಗ್ತಿತ್ತೇನೋ, ಆಗ್ತಿರ್ಲಿಲ್ವೇನೋ. ಸುಟ್ಟದ್ದನ್ನ ವಾಪಸ್ ತರೋಕಾಗಲ್ಲ. ಈಗ ಯಾವುದನ್ನೂ ನಿಲ್ಲಿಸೋದು ಬೇಡ. ನನಗೆ ತುಂಬಿದ ಚಾರ್ಟು ಬೇಡ, ನಿಜದ ಚಾರ್ಟು ತನ್ನಿ.”

ನೀಲಿ ಬಾಟಲಿ ಮತ್ತೆ ಶುರುವಾಯಿತು. ಅವಳು ಹೊಸ ಚಾರ್ಟುಗಳನ್ನು ಕೊಟ್ಟಳು. ಗೇಜಣ್ಣ ಮಗಳಿಗೂ ಒಂದು ಕೇಳಿ ಪಡೆದ.

ಅಂದು ಸಂಜೆಯೇ ಅಕ್ಕ ತಮ್ಮ ಇಬ್ಬರೂ ಅಡುಗೆಮನೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಹೆಂಡತಿ ಒಂದು ವಾರ ಮಾತು ಬಿಟ್ಟಳು. ಹನಿ ಬಿಡುವುದನ್ನೂ ಬಿಟ್ಟು, ಮಾಡಿದ್ದುಣ್ಣೋ ಮಹರಾಯ ಎಂದು ಬಾಟಲಿಗಳನ್ನು ಅವನ ಕೈಗೇ ಕೊಟ್ಟಳು. ಮಗಳು ಫ್ರಿಜ್ಜಿನ ಮೇಲಿನ ಬಾಟಲಿಯನ್ನು ಮುಟ್ಟಲಿಲ್ಲ. ಇಷ್ಟು ವರ್ಷ ಸುಳ್ಳು ಹೇಳಿದವರು ಈಗ ಹೇಳುತ್ತಿರುವುದು ಸುಳ್ಳಲ್ಲ ಎಂದು ಯಾಕೆ ನಂಬಬೇಕು ಎನ್ನುವುದು ಅವಳ ಮುಖದಲ್ಲೇ ಇತ್ತು.

ಒಂದು ಭಾನುವಾರ ಬೆಳಗ್ಗೆ ಎಲ್ಲರೂ ಮನೆಯಲ್ಲಿದ್ದಾಗ ಅಕ್ಕ ಇದ್ದಕ್ಕಿದ್ದಂತೆ, ಚಾರ್ಟು ಓದು, ಕೇಳುತ್ತೇನೆ ಅಂದಳು. ಗೇಜಣ್ಣ ಕನ್ನಡಕ ಏರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆಯನ್ನು ಲಾಗ್ ಬುಕ್ಕು ಒಪ್ಪಿಸುವ ದನಿಯಲ್ಲಿ ಓದಿದ. ಸೋಮವಾರ ಬೆಳಗ್ಗೆ ಹಾಕಿದೆ, ಸಂಜೆ ಹಾಕಿದೆ, ಮಲಗುವಾಗ ಹಾಕಿದೆ. ಮಂಗಳವಾರ ಮೂರೂ ಹಾಕಿದೆ. ಬುಧವಾರಕ್ಕೆ ಬಂದು ತಡವರಿಸಿದ. ಬುಧವಾರ ಸಂಜೆಯ ಚೌಕ ಖಾಲಿಯಿತ್ತು. ಆವತ್ತು ಲಾಂಡ್ರಿಯ ಪಂಪು ಕೆಟ್ಟು ತಡವಾಗಿ ಬಂದವನು ಮರೆತಿದ್ದ. ಗುರುವಾರ ನೆನಪಾದಾಗ ಪೆನ್ನು ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟಿದ್ದ.

“ಬುಧವಾರ ಸಂಜೆ ಹಾಕಿಲ್ಲ,” ಎಂದು ಓದಿದ.

“ಹೂಂ. ಈಗ ನಂಬ್ತೀನಿ,” ಅಂದಳು ಅಕ್ಕ.

ಮಗಳು ಟೀ ಲೋಟ ಇಟ್ಟು ಎದ್ದು ಬಂದಳು. ಹಾಳೆಯ ಖಾಲಿ ಚೌಕದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಫ್ರಿಜ್ಜಿನ ಮೇಲಿಂದ ತನ್ನ ಬಾಟಲಿ ತೆಗೆದು, ತಾರೀಖು ನೋಡಿ, ಸೀಲು ಒಡೆದು, ಅಪ್ಪ ತಂದಿಟ್ಟಿದ್ದ ಚಾರ್ಟನ್ನು ಮೇಜಿನ ಮೇಲೆ ಬಿಡಿಸಿ, ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ವಾಲಿಸಿದಳು. ಬಾಟಲಿ ಹಿಂಡಿದಳು. ಅವಳು ಕೆನ್ನೆ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು.

“ಬಿತ್ತಾ?” ಅಕ್ಕ ಕೇಳಿದಳು.

“ಕೆನ್ನೆ ಮೇಲೆ ಬಿತ್ತು ಅತ್ತೆ.”

“ಹಾಗಾದ್ರೆ ಇನ್ನೂ ಬರೀಬೇಡ,” ಅಂದಳು ಅಕ್ಕ. “ಇನ್ನೊಂದು ಹಾಕು.”